ಮಾಸ್ಟ್ರು ಮೊಟಕು ಮಾಡಿದ ಪೈಪು

ಆ ಬೀದಿಯಲ್ಲಿ ಟೈಲರ್ ಮಾಸ್ಟ್ರ ಕತ್ತರಿ ತಾಗದ ಮನೆ ಯಾವುದಾದರೂ ಇದ್ದರೆ ಅದು ಇನ್ನೂ ಕಟ್ಟಿ ಮುಗಿಯದ ಮನೆ ಎಂದೇ ಲೆಕ್ಕ. ಪ್ಯಾಂಟು, ಲಂಗ, ಪರದೆ, ದಿಂಬಿನ ಚೀಲ ಎಲ್ಲ ಹೇಗೂ ಅವರ ಕಸುಬಿಗೆ ಸೇರಿದವು, ಬಿಡಿ. ಆದರೆ ಮಾಸ್ಟ್ರದು ಅಷ್ಟಕ್ಕೆ ಸುಮ್ಮನಾಗುವ ಕೈಯಲ್ಲ. ಪಕ್ಕದ ಕ್ಷೌರದಂಗಡಿಯವನ ರೇಡಿಯೋ ವೈರು ನೆಲಕ್ಕೆ ಜೋತು ಬಿದ್ದಿದ್ದನ್ನು ನೋಡಿ, ಅವನು ಒಬ್ಬ ಗಿರಾಕಿಯ ಗಡ್ಡ ಕೆರೆದು ಮುಗಿಸುವುದರೊಳಗೆ ಅದನ್ನು ಅಳೆದು, ಕತ್ತರಿಸಿ, ಜೋಡಿಸಿ, ಮೇಲೊಂದು ಟೇಪು ಸುತ್ತಿ ಕೊಟ್ಟ ಮಹಾನುಭಾವರು ಅವರು. ಔಷಧಿ ಅಂಗಡಿಯಾಕೆಯ ಕೈಚೀಲದ ಪಟ್ಟಿ, ಶಾಲೆ ಮಕ್ಕಳ ಬೆಲ್ಟು, ಸ್ವಂತ ಮಗಳ ಇಯರ್‌ಫೋನು, ಯಾವುದನ್ನೂ ಬಿಟ್ಟವರಲ್ಲ. ಇಯರ್‌ಫೋನು ಆಮೇಲೆ ಒಂದೇ ಕಿವಿಗೆ ಹಾಡುತ್ತಿತ್ತು, ಆ ಮಾತು ಬೇರೆ. ಅಳತೆಗಿಂತ ಒಂದು ಬೆರಳು ಹೆಚ್ಚಿಗೆ ಏನಾದರೂ ಕಣ್ಣಿಗೆ ಬಿದ್ದರೆ ಸಾಕು, ಅವರ ಕೈ ತುರಿಸುತ್ತಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಗೋಡೆಗೆ ಆನಿಸಿದ ಅಗಲ ಮೇಜು, ಮೇಜಿನ ಮೇಲೆ ಸೀಮೆಸುಣ್ಣದ ಚೂರುಗಳು, ಮೂಲೆಯಲ್ಲಿ ಉದ್ದನೆಯ ಕನ್ನಡಿ. ಹಿಂದೆ ಅಡುಗೆಮನೆ. ನಡುವೆ ಒಂದು ಪರದೆ, ಅದು ನೆಲಕ್ಕೆ ತಾಗಿಯೂ ತಾಗದ ಹಾಗೆ ನಿಂತಿರುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಪರದೆಯ ಆಚೆಗಿನ ರಾಜ್ಯ ಮಾಸ್ಟ್ರ ಹೆಂಡತಿಯದು. ಬೀದಿಯ ಅಂಗಡಿಗಳವರಿಗೆ, ಸೈಕಲ್ ರಿಪೇರಿಯವನಿಗೆ, ಬ್ಯಾಂಕಿನ ಕಾವಲುಗಾರನಿಗೆ, ಎಲ್ಲರಿಗೂ ಮಧ್ಯಾಹ್ನದ ಊಟ ಅಲ್ಲಿಂದಲೇ, ಕೆಲವರಿಗೆ ಡಬ್ಬಿಯಲ್ಲಿ, ಕೆಲವರಿಗೆ ಅಲ್ಲೇ ತಟ್ಟೆಯಲ್ಲಿ. ಹಾಗಾಗಿ ಚಿಕ್ಕವರು ದೊಡ್ಡವರು ಅನ್ನದೆ ಎಲ್ಲರೂ ಆಕೆಯನ್ನು ಊಟದಕ್ಕ ಅಂತಲೇ ಕರೆಯುತ್ತಿದ್ದರು.

ಊಟ ಕೊಡುವುದು ಸುಲಭ. ಊಟ ಮುಗಿದ ಮೇಲಿನದ್ದು ನೋಡಬೇಕು. ತಟ್ಟೆ, ಲೋಟ, ಡಬ್ಬಿ, ಡಬ್ಬಿಯೊಳಗಿನ ಡಬ್ಬಿ, ಅದರ ಮುಚ್ಚಳ, ತಳ ಹಿಡಿದ ಪಾತ್ರೆ, ಎಲ್ಲ ಸೇರಿ ಸಂಜೆಗೆ ಸಿಂಕಿನಲ್ಲಿ ಗುಡ್ಡವಾಗಿ ಕೂತಿರುತ್ತಿದ್ದವು. ಅಕ್ಕ ವರ್ಷಗಟ್ಟಲೆ ಆ ಗುಡ್ಡವನ್ನು ಕೈಯಲ್ಲೇ ಕರಗಿಸಿದರು. ಮುಗಿಸಿ ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಬೀದಿದೀಪ ಹತ್ತಿ ಎಷ್ಟೋ ಹೊತ್ತಾಗಿರುತ್ತಿತ್ತು. ಕೊನೆಗೊಂದು ದಿನ ಕಾಲೇಜಿನಲ್ಲಿ ಓದುವ ಮಗಳು ಹಟ ಹಿಡಿದು ಪಾತ್ರೆ ತೊಳೆಯುವ ಮಿಷನ್ನು ತರಿಸಿದಳು. ಅಕ್ಕ ಮೊದಲ ವಾರ ಅದನ್ನು ನಂಬಲೇ ಇಲ್ಲ. ಪಾತ್ರೆಗಳನ್ನು ಒಮ್ಮೆ ತಾವೇ ತೊಳೆದು, ಆಮೇಲೆ ಅದರೊಳಗಿಟ್ಟು, ಹೊರಗೆ ತೆಗೆದ ಮೇಲೆ ಇನ್ನೊಮ್ಮೆ ತೊಳೆಯುತ್ತಿದ್ದರು. ಎರಡನೇ ವಾರ ನಂಬಿದರು. ಮೂರನೇ ವಾರ ಆಕೆಗೆ ಗೊತ್ತಾಗಿದ್ದು, ತಮ್ಮ ದಿನದಲ್ಲಿ ಸಂಜೆ ಎಂಬುದೊಂದಿದೆ ಅಂತ.

ಸಂಜೆ ಸಿಕ್ಕಿದವರು ಸುಮ್ಮನೆ ಕೂರುತ್ತಾರೆಯೇ? ಔಷಧಿ ಅಂಗಡಿಯಾಕೆ ಒಂದು ದಿನ ಜೊತೆಗೆ ಬಾ ಎಂದು ಲೈಬ್ರರಿ ಹಿಂದಿನ ಹಾಲಿಗೆ ಎಳೆದುಕೊಂಡು ಹೋದರು. ಅಲ್ಲಿ ಹೆಂಗಸರು ಟೇಬಲ್ ಟೆನ್ನಿಸ್ ಆಡುತ್ತಿದ್ದರು. ಒಬ್ಬರು ಕಡಿಮೆ ಬಿದ್ದಾಗ ಯಾರೋ ಅಕ್ಕನ ಕೈಗೆ ಬ್ಯಾಟು ತುರುಕಿದರು. ಅಲ್ಲಿಗೆ ಮುಗಿಯಿತು. ಇಷ್ಟು ವರ್ಷ ಸೌಟು ತಿರುಗಿಸಿದ ಮಣಿಕಟ್ಟಿನಲ್ಲಿ ಏನು ಅಡಗಿತ್ತೋ, ಚೆಂಡು ಎಲ್ಲಿ ಬಿದ್ದರೂ ಅಲ್ಲಿ ಅಕ್ಕನ ಬ್ಯಾಟು ಹಾಜರ್. ಆಚೆ ಬದಿಯಲ್ಲಿದ್ದವರು ಚೆಂಡು ಹುಡುಕಿಕೊಂಡು ಕುರ್ಚಿಗಳ ಕೆಳಗೆ ನುಸುಳುವುದೇ ಆಯಿತು. ಎರಡು ತಿಂಗಳಲ್ಲಿ ಊಟದಕ್ಕ ತಂಡದಲ್ಲಿ ಔಷಧಿ ಅಂಗಡಿಯಾಕೆಯ ಜೋಡಿ.

ಮನೆಗೆ ಬರುವಾಗ ಅಕ್ಕನ ಮುಖ ಕೆಂಪಗೆ, ಕಣ್ಣು ಮಿಂಚುತ್ತ ಇರುತ್ತಿತ್ತು. ಮಾಸ್ಟ್ರು ಹೊಲಿಯುತ್ತ ಕೂತಿರುವಾಗ ಪಕ್ಕದಲ್ಲಿ ನಿಂತು ಇಡೀ ಆಟವನ್ನು ಚೆಂಡು ಚೆಂಡಾಗಿ ಒಪ್ಪಿಸುತ್ತಿದ್ದರು. ಮಾಸ್ಟ್ರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಯಂತ್ರ ನಿಲ್ಲಿಸಿ ಕೇಳುತ್ತಿದ್ದರು. ಇಷ್ಟು ಮಾತಾಡುವ ಹೆಂಡತಿಯನ್ನು ಅವರು ಮದುವೆಯಾದ ಹೊಸದರಲ್ಲಿ ಕಂಡಿದ್ದರು, ನಡುವೆ ಎಲ್ಲಿಗೋ ಹೋಗಿದ್ದಳು, ಈಗ ವಾಪಸು ಬಂದಿದ್ದಳು. ಒಳಗೊಳಗೇ ಅವರಿಗೆ ಆಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗಲೇ ಮಾಸ್ಟ್ರು ಒಂದು ಭಾನುವಾರ ಸಿಂಕಿನ ಕೆಳಗೆ ತಲೆ ತೂರಿಸಿದರು.

ಹೋಗಿದ್ದು ಉರುಳಿಹೋದ ಗುಂಡಿ ಹುಡುಕಲು. ಗುಂಡಿ ಸಿಕ್ಕಿತು. ಅದನ್ನು ತೆಗೆದುಕೊಂಡು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವರ ಕಣ್ಣಿಗೆ ಮಿಷನ್ನಿನ ಕೊಳೆನೀರು ಹೋಗುವ ಪೈಪು ಬಿತ್ತು. ಮಿಷನ್ನಿನ ಬುಡದಿಂದ ಹೊರಟ ಆ ಪೈಪು ನೆಟ್ಟಗೆ ಹೋಗುವುದು ಬಿಟ್ಟು ಅಡುಗೆ ಕಟ್ಟೆಯ ತಳದವರೆಗೆ ಮೇಲೇರಿ, ಅಲ್ಲೊಂದು ಕೊಕ್ಕೆಯ ಮೇಲೆ ಡೊಂಕಾಗಿ ಮಲಗಿ, ಸಿಂಕಿನ ಹೊಟ್ಟೆಯ ಹತ್ತಿರ ಅದರ ಕೊಳವೆಗಿದ್ದ ಮೂತಿಗೆ ಸೇರಿಕೊಂಡಿತ್ತು. ಅದೇ ಸಿಂಕಿನ ಕೊಳವೆಗೆ ಕೆಳಗೆ, ನೆಲದ ಹತ್ತಿರ, ಬಿರಡೆ ಹಾಕಿದ ಇನ್ನೊಂದು ಮೂತಿ ಖಾಲಿ ಕೂತಿತ್ತು. ಮಿಷನ್ನಿನ ಬುಡದಿಂದ ಒಂದು ಗೇಣು ದೂರ. ಮಾಸ್ಟ್ರಿಗೆ ಸಿಟ್ಟೇ ಬಂತು. ಪಕ್ಕದಲ್ಲೇ ಬಾಗಿಲಿರುವಾಗ ಅಟ್ಟ ಹತ್ತಿ ಇಳಿಯುವುದು ಯಾವ ಬುದ್ಧಿವಂತಿಕೆ? ಫಿಟ್ ಮಾಡಲು ಬಂದವನು ಸೋಮಾರಿ, ಪೈಪು ಕತ್ತರಿಸಲು ಮೈಗಳ್ಳತನ, ಅದಕ್ಕೇ ಉಳಿದದ್ದನ್ನು ಮೇಲೆ ನೇತುಹಾಕಿ ಹೋಗಿದ್ದಾನೆ ಎಂದು ತೀರ್ಪು ಕೊಟ್ಟರು. ಅಳೆದರು. ಕತ್ತರಿಸಿದರು. ಕೆಳಗಿನ ಮೂತಿಯ ಬಿರಡೆ ಕಿತ್ತು ಮೇಲಿನ ಮೂತಿಗೆ ಹಾಕಿ, ಪೈಪನ್ನು ಕೆಳಗೆ ನೆಟ್ಟಗೆ ಕೂರಿಸಿ ಕ್ಲಿಪ್ಪು ಬಿಗಿದರು. ಉಳಿದ ಪೈಪಿನ ತುಂಡನ್ನು ಕ್ಷೌರದಂಗಡಿಯವನು ನಲ್ಲಿಗೆ ಬೇಕೆಂದು ಕೇಳಿ ಇಸಕೊಂಡ. ಇಷ್ಟು ಸಣ್ಣ ಕೆಲಸವನ್ನು ಮನೆಯಲ್ಲಿ ಹೇಳುವುದೇನು ಬಂತು? ಹೇಳಲಿಲ್ಲ. ಗಂಟೆಯೊಳಗೆ ಸ್ವತಃ ಮಾಸ್ಟ್ರೇ ಅದನ್ನು ಮರೆತರು.

ಸೋಮವಾರ ಸಂಜೆ ಅಕ್ಕ ಮಿಷನ್ನಿನ ಬಾಗಿಲು ತೆರೆದರೆ ತಟ್ಟೆಗಳೆಲ್ಲ ಹಾಕಿದ ಹಾಗೇ ಇವೆ. ಮೇಲೊಂದು ಬಿಳಿ ಪುಡಿಯ ಪದರ ಬೇರೆ. ಒಳಗೆ ಒಂದು ಹನಿ ನೀರಿಲ್ಲ. ಮತ್ತೆ ಹಾಕಿದರು. ನೀರು ತುಂಬುವ ಸದ್ದು ಕೇಳಿಸಿತು, ಸ್ವಲ್ಪ ಹೊತ್ತು ಜಳಜಳ ಅಂತು, ಆಮೇಲೆ ಒಣ ಗಂಟಲಿನ ಗುರ್ ಗುರ್. ಮತ್ತೆ ನೀರು ತುಂಬಿತು, ಮತ್ತೆ ಗುರ್ ಗುರ್. ಕೊನೆಗೆ ಕೆಂಪು ದೀಪ ಹೊತ್ತಿಸಿಕೊಂಡು ಕುಂಯ್ ಕುಂಯ್ ಎಂದು ಅಳತೊಡಗಿತು. ಸೋಪು ಉಜ್ಜಿಕೊಳ್ಳುವ ಹೊತ್ತಿಗೆ ಸರಿಯಾಗಿ ಬಕೆಟ್ಟು ಕಿತ್ತುಕೊಂಡು ಓಡಿದರೆ ಯಾರಿಗಾದರೂ ಅಳು ಬರುತ್ತದೆ.

ಮಗಳು ಕಂಪನಿಗೆ ಫೋನು ಮಾಡಿದಳು. ಜೇನಿನಂಥ ದನಿಯ ಹೆಂಗಸೊಬ್ಬಳು ಜಾಲರಿ ತೊಳೆದಿದ್ದೀರಾ, ಪುಡಿ ಯಾವುದು, ಉಪ್ಪು ತುಂಬಿದ್ದೀರಾ, ತಟ್ಟೆಗಳ ಮುಖ ಯಾವ ಕಡೆಗಿದೆ ಎಂದೆಲ್ಲ ಮದುವೆಗೆ ಹೆಣ್ಣು ನೋಡಲು ಬಂದವಳ ಹಾಗೆ ವಿಚಾರಿಸಿದಳು. ಎಲ್ಲಕ್ಕೂ ಉತ್ತರ ಕೊಟ್ಟಾದ ಮೇಲೆ, ರಿಪೇರಿಯವರು ಬರುವುದು ಮುಂದಿನ ವಾರವೇ ಎಂದು ಅದೇ ಜೇನಿನ ದನಿಯಲ್ಲಿ ಹೇಳಿ ಫೋನಿಟ್ಟಳು.

ಮುಂದಿನ ವಾರ ಅಂದರೆ ಆಗುವುದು ಹೇಗೆ? ಈ ಭಾನುವಾರವೇ ಸೇತುವೆಯಾಚೆಯ ಬೀದಿಯವರ ಜೊತೆ ಪಂದ್ಯ. ದಿನಾ ಸಂಜೆ ಅಭ್ಯಾಸ. ಅಕ್ಕ ಸಿಂಕಿನ ಮುಂದೆ ನಿಂತರೆ ಅಭ್ಯಾಸ ಇಲ್ಲ, ಅಭ್ಯಾಸಕ್ಕೆ ಹೋದರೆ ಮಾರನೇ ದಿನ ಅನ್ನ ಬಡಿಸಲು ತಟ್ಟೆ ಇಲ್ಲ. ಅಕ್ಕ ಸಿಂಕಿನ ಮುಂದೆ ನಿಂತರು. ಸೋಮವಾರ ಹೋಗಲಿಲ್ಲ, ಮಂಗಳವಾರ ಹೋಗಲಿಲ್ಲ. ಮಗಳು ಕಾಲೇಜಿನಿಂದ ಬಂದು ಕೈ ಜೋಡಿಸಿದರೂ ಗುಡ್ಡ ಗುಡ್ಡವೇ.

ಮಾಸ್ಟ್ರು ತಾವೇ ತೊಳೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಿ, ಕೇಳಲೇಬೇಕು. ಕೆಲಸ ಮುಗಿಸಿದ ಗಿರಾಕಿಗಳೆಲ್ಲ ಬಟ್ಟೆ ತೊಟ್ಟು ನೋಡಲು ಬರುವುದು ಸಂಜೆಯೇ, ಒದ್ದೆ ಕೈಯಲ್ಲಿ ರೇಷ್ಮೆ ಮುಟ್ಟಲಾಗುವುದಿಲ್ಲ, ಇದು ಅವರ ಸಬೂಬು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಯಾರೂ ಅವರನ್ನು ಕೇಳಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ, ಅಷ್ಟೇ.

ಆದರೆ ಮಿಷನ್ನಿನ ಬೆನ್ನು ಹತ್ತಿದರು, ಅದನ್ನು ಮೆಚ್ಚಬೇಕು. ಮಧ್ಯಾಹ್ನದ ಊಟದವರು ಎದ್ದುಹೋದ ಮೇಲೆ ಹೊಲಿಗೆಯ ಸ್ಟೂಲು ತಂದು ಅದರ ಮುಂದೆ ಹಾಕಿಕೊಂಡು, ಮೈಯೆಲ್ಲ ಕಿವಿಯಾಗಿ ಕೂತರು. ಜಾಲರಿ ಬಿಚ್ಚಿ ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರು. ನೀರು ಎರಚುವ ರೆಕ್ಕೆಗಳ ತೂತುಗಳಿಗೆಲ್ಲ ಸೂಜಿ ಹಾಕಿ ನೋಡಿದರು. ಬಾಗಿಲಿನ ರಬ್ಬರು ಎಳೆದರು. ಬೀದಿಯವರಿಗೆ ಸುದ್ದಿ ಹಬ್ಬಿ ಒಬ್ಬೊಬ್ಬರೂ ಒಂದೊಂದು ಹೇಳಿಹೋದರು. ಪುಡಿ ಸರಿಯಿಲ್ಲ ಅಂದರು ಕೆಲವರು, ಕರೆಂಟು ಸರಿಯಿಲ್ಲ ಅಂದರು ಕೆಲವರು. ಸೈಕಲ್ ರಿಪೇರಿಯವನು ಮಿಷನ್ನಿಗೆ ಒಂದು ಒದ್ದು, ಇದು ಒದ್ದರೆ ಸರಿಹೋಗುವ ಜಾತಿಯದ್ದಲ್ಲ ಎಂದು ಕೈತೊಳೆದುಕೊಂಡ. ಅಕ್ಕ ಮಾತ್ರ ತಮ್ಮದೇ ತಪ್ಪಿರಬೇಕೆಂದು ಒಳಗೊಳಗೇ ಕೊರಗುತ್ತಿದ್ದರು. ಇದೊಂದು ಯಾರಿಗೂ ಗೊತ್ತಾಗಲಿಲ್ಲ.

ಗುರುವಾರ ಮಗಳಿಗೆ ಒಂದು ಉಪಾಯ ಹೊಳೆಯಿತು. ಮಿಷನ್ನು ಓಡುತ್ತಿರುವಾಗಲೇ ನಡುನಡುವೆ ಬಾಗಿಲು ತೆರೆದು ನೋಡುತ್ತ ಹೋಗೋಣ ಅಂದಳು. ನೋಡಿದರು. ತುಂಬಿದಾಗ ತಳದಲ್ಲಿ ನೀರಿತ್ತು. ಇನ್ನೊಮ್ಮೆ ತೆರೆದಾಗ ಅರ್ಧ ಇತ್ತು. ಆಮೇಲೆ ಇರಲೇ ಇಲ್ಲ. ನೀರನ್ನು ಹೊರಹಾಕುವ ಪಂಪಿಗೆ ತನ್ನದೇ ಒಂದು ಗೊರಗೊರ ಸದ್ದಿದೆ, ಆ ಮನೆಯವರಿಗೆಲ್ಲ ಅದು ಚೆನ್ನಾಗಿ ಗೊತ್ತು. ಮಗಳು ಮಿಷನ್ನಿಗೆ ಕಿವಿ ಒತ್ತಿಕೊಂಡು ಕೂತಿದ್ದಳು.

"ಅಪ್ಪ, ಪಂಪು ಕೂಗ್ತಾನೇ ಇಲ್ಲ," ಅಂದಳು. "ಆದ್ರೂ ನೀರು ಹೋಗ್ತಿದೆ. ಯಾರೂ ತಳ್ಳದೆ ತಾನಾಗೇ ಹೋಗ್ತಿದೆ."

ತಾನಾಗೇ ಹೇಗೆ ಹೋಗುತ್ತದೆ? ಮಾಸ್ಟ್ರು ತಲೆ ಕೆರೆದುಕೊಂಡರು. ಕಾಲೇಜು ಓದುವ ಮಗಳೂ ಕೆರೆದುಕೊಂಡಳು. ಪೈಪಿನ ನೆನಪು, ನೋಡಿ, ಆಗಲೂ ಆ ಮನುಷ್ಯನ ತಲೆಗೆ ಬರಲಿಲ್ಲ. ತಾವು ಅಳತೆಗೆ ತಂದ ವಸ್ತುವಿನಲ್ಲಿ ದೋಷವಿರಬಹುದು ಎಂಬ ಯೋಚನೆ ಅವರ ಆಸುಪಾಸಿನಲ್ಲೂ ಸುಳಿದಿರಲಿಲ್ಲ.

ಶುಕ್ರವಾರ ಸಂಜೆ ಮಾಸ್ಟ್ರು ಬ್ಯಾಂಕಿನ ಕಾವಲುಗಾರನ ಪ್ಯಾಂಟಿಗೆ ಇಸ್ತ್ರಿ ಮಾಡುತ್ತಿದ್ದರು. ಅವರದು ಹಬೆ ಇಸ್ತ್ರಿ. ಮೇಲೆ ಗೋಡೆಯ ಮೊಳೆಗೆ ನೀರಿನ ಬಾಟಲಿ ತೂಗುಹಾಕಿರುತ್ತದೆ, ಅದರಿಂದ ಸಣ್ಣ ಪೈಪೊಂದು ಇಸ್ತ್ರಿಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಪೈಪನ್ನು ಇಸ್ತ್ರಿಯಿಂದ ಬಿಡಿಸಿ ಅದರ ಬಾಯಿಯನ್ನು ಬಾಟಲಿಗಿಂತ ಮೇಲೆ ಸಿಕ್ಕಿಸಬೇಕು. ಮರೆತು ಕೆಳಗೆ ಬಿಟ್ಟರೆ ಬಾಟಲಿಯ ನೀರೆಲ್ಲ ನೆಲದ ಪಾಲು. ಈ ಕೆಲಸ ಮಾಡಲು ಮಾಸ್ಟ್ರಿಗೆ ಕಣ್ಣು ಬೇಕಾಗಿಲ್ಲ, ಗಮನವೂ ಬೇಕಾಗಿಲ್ಲ, ಕೈಯೇ ಮಾಡಿಕೊಂಡು ಹೋಗುತ್ತದೆ. ಅವತ್ತೂ ಕೈ ಪೈಪನ್ನು ಬಿಡಿಸಿ ಮೇಲೆತ್ತಿತು. ಎತ್ತಿದ್ದು ಅರ್ಧಕ್ಕೇ ನಿಂತಿತು.

ಮೇಲಿದ್ದರೆ ನೀರು ತೆಪ್ಪಗಿರುತ್ತದೆ. ಕೆಳಗಿಳಿಸಿದರೆ ಯಾರನ್ನೂ ಕೇಳದೆ ಹೊರಟುಹೋಗುತ್ತದೆ.

ಕೊಕ್ಕೆಯ ಮೇಲೆ ಡೊಂಕಾಗಿ ಮಲಗಿದ್ದ ಪೈಪು ಕಣ್ಣೆದುರು ಬಂದು ನಿಂತಿತು. ಆ ಫಿಟ್ಟಿಂಗಿನವನು ಸೋಮಾರಿಯಲ್ಲ. ನೀರು ತಾನಾಗಿ ಏರಲಾರದಷ್ಟು ಎತ್ತರಕ್ಕೆ ಪೈಪನ್ನು ಏರಿಸಿಟ್ಟಿದ್ದಾನೆ, ಪಂಪು ತಳ್ಳಿದಾಗ ಮಾತ್ರ ದಾಟಲಿ ಅಂತ. ಅದನ್ನು ನೆಲಕ್ಕೆ ಎಳೆದು ಬಾಗಿಲು ತೆರೆದಿಟ್ಟವನು ನಾನು. ಬಟ್ಟೆ ಹೊಲಿಯುವಾಗ ಒಳಗೆ ಎರಡು ಬೆರಳು ಬಟ್ಟೆ ಬಿಡದೆ ಯಾವತ್ತಾದರೂ ಕತ್ತರಿಸಿದ್ದೇನೆಯೇ? ನಾಳೆ ತೊಟ್ಟವನು ದಪ್ಪಗಾದರೆ ಬಿಚ್ಚಲು ಇರಲಿ ಅಂತ ಬಿಡುತ್ತೇನೆ. ಒಂದು ಪೈಪಿಗೆ ಅಷ್ಟು ಬಿಡಲಾಗಲಿಲ್ಲವೇ ನನ್ನ ಕೈಯಲ್ಲಿ? ಹೀಗೆಂದು ತಮ್ಮನ್ನೇ ಬೈದುಕೊಳ್ಳುತ್ತಿರುವಾಗ ನೀರು ತೊಟ್ಟಿಕ್ಕಿ ಕಾಲು ಒದ್ದೆಯಾಯಿತು.

ಮೊದಲು ಬಂದ ಯೋಚನೆ ಏನು ಗೊತ್ತೇ? ನಾಳೆ ಬೆಳಿಗ್ಗೆ ಯಾರಿಗೂ ಹೇಳದೆ ಹೊಸ ಪೈಪು ತರುವುದು, ಇದ್ದ ಹಾಗೆ ಕೂರಿಸುವುದು, ಆಮೇಲೆ ಮಿಷನ್ನು ಸರಿಮಾಡಿದೆ ನೋಡಿ ಎಂದು ಎದೆ ಸೆಟೆಸಿ ನಿಲ್ಲುವುದು. ಹೆಂಡತಿ ಹೊಗಳುತ್ತಾಳೆ, ಮಗಳು ಹೊಗಳುತ್ತಾಳೆ, ಬೀದಿಯೇ ಹೊಗಳುತ್ತದೆ. ಮಾಸ್ಟ್ರಿಗೆ ಈ ಯೋಚನೆ ಬಹಳ ಹಿಡಿಸಿತು. ಮುಗುಳ್ನಗುತ್ತ ಪರದೆ ಸರಿಸಿ ಒಳಗೆ ಹೋದರು.

ಅಕ್ಕ ಮೊಣಕೈವರೆಗೆ ನೊರೆ ಮಾಡಿಕೊಂಡು ಸಿಂಕಿನ ಮುಂದೆ ನಿಂತಿದ್ದರು. ತಿರುಗದೆಯೇ ಮಾತಾಡಿದರು.

"ರೀ, ಇದು ಮುಗಿಸಿ ಔಷಧಿ ಅಂಗಡಿಗೆ ಹೋಗಿ ಹೇಳಿ ಬರ್ತೀನಿ. ನನ್ನ ಜಾಗಕ್ಕೆ ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಲಿ. ಇವತ್ತು ಹೆಸರು ಕೊಡಬೇಕಂತೆ. ವಾರವೆಲ್ಲ ಬ್ಯಾಟು ಮುಟ್ಟಿಲ್ಲ, ನನ್ನಿಂದ ಅವರೂ ಯಾಕೆ ಸೋಲ್ಬೇಕು."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಾಸ್ಟ್ರು ತಡೆದುಕೊಳ್ಳುತ್ತಿದ್ದರು. ಎಂದೋ ಬಿಟ್ಟುಕೊಟ್ಟು ಅಭ್ಯಾಸವಾದವರ ದನಿ ಅದು, ಅವರಿಗೆ ಕೇಳಿ ಗೊತ್ತಿದ್ದ ಹಳೆಯ ದನಿ. ಕೆಲವು ತಿಂಗಳಿಂದ ಮನೆಯಲ್ಲಿ ಇಲ್ಲವಾಗಿತ್ತು. ನಾಳೆ ಪೈಪು ತಂದರೆ ಮಿಷನ್ನು ಸರಿಹೋಗುತ್ತದೆ, ಆದರೆ ಹೆಸರು ಹೋಗುವುದು ಇವತ್ತು. ಮಾಸ್ಟ್ರ ಮುಗುಳ್ನಗೆ ಹಾರಿಹೋಯಿತು.

"ಮಿಷನ್ನು ಕೆಟ್ಟಿಲ್ಲ ಕಣೆ," ಅಂದರು. "ಕೆಡಿಸಿದ್ದು ನಾನು."

ಅಕ್ಕ ತಿರುಗಿದರು. ಮಾಸ್ಟ್ರು ಗೋಡೆ ನೋಡಿದರು, ನೆಲ ನೋಡಿದರು.

"ಪೈಪು ಸ್ವಲ್ಪ ಉದ್ದ ಆಗಿತ್ತು."

ಮುಂದೆ ಹೇಳಬೇಕಾಗಿಯೇ ಬರಲಿಲ್ಲ. ಮೂಲೆಯಲ್ಲಿ ಡಬ್ಬಿ ಒರೆಸುತ್ತಿದ್ದ ಮಗಳು ಬಾಯಿಗೆ ಬಟ್ಟೆ ಒತ್ತಿಕೊಂಡಳು. ಅಕ್ಕ ಬಗ್ಗಿ ಸಿಂಕಿನ ಕೆಳಗೆ ನೋಡಿದರು. ನೆಟ್ಟಗೆ, ನೀಟಾಗಿ, ಗೇಣುದ್ದದ ಪೈಪು. ಸ್ವಲ್ಪ ಹೊತ್ತು ಹಾಗೇ ಬಗ್ಗಿಯೇ ಇದ್ದರು. ಎದ್ದಾಗ ಕಣ್ಣು ತುಂಬಿತ್ತು.

"ವಾರದಿಂದ ನನ್ನನ್ನೇ ಬೈಕೊಂಡೆ ಕಣ್ರೀ. ಚಮಚ ಒಳಗೆ ಬೀಳಿಸಿಬಿಟ್ನೇನೋ, ಆಟದ ಗುಂಗಲ್ಲಿ ಏನೋ ಒತ್ತಿಬಿಟ್ನೇನೋ, ಈ ವಯಸ್ಸಲ್ಲಿ ಆಟ ಬೇಕಿತ್ತಾ ನಂಗೆ ಅಂತೆಲ್ಲ."

ಮಾಸ್ಟ್ರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವರ ಮುಖ ನೋಡಿ ಅಕ್ಕನ ತುಟಿ ಅದುರಿತು. ಅಳು ಬರುತ್ತದೆ ಅಂದುಕೊಂಡರೆ ಬಂದದ್ದು ನಗು. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಹೊಟ್ಟೆಯಿಂದ ಬಂತು.

"ಈ ಮನೇಲಿ ನನ್ನ ಜಡೆ ಒಂದು ಉಳ್ಕೊಂಡಿರೋದೇ ಪುಣ್ಯ," ಎಂದು ಮಗಳಿಗೆ ಹೇಳಿ ಇನ್ನಷ್ಟು ನಕ್ಕರು. ಮಗಳಂತೂ ನೆಲದ ಮೇಲೆ ಕೂತುಬಿಟ್ಟಿದ್ದಳು. ಮಾಸ್ಟ್ರೂ ಅನುಮಾನಿಸುತ್ತಲೇ ಒಂದು ಸಣ್ಣ ನಗೆ ಸೇರಿಸಿದರು.

ಅಕ್ಕ ಕಣ್ಣೊರೆಸಿಕೊಂಡು, ಗಡಿಯಾರ ನೋಡಿ, ಪಾತ್ರೆ ತಿಕ್ಕುವ ನಾರನ್ನು ಗಂಡನ ಕೈಯಲ್ಲಿಟ್ಟರು.

"ಹಿಡೀರಿ. ನಂಗೆ ಪ್ರಾಕ್ಟೀಸಿಗೆ ಹೊತ್ತಾಯ್ತು."

ಅಷ್ಟು ಹೇಳಿ ಹೋಗಿಯೇಬಿಟ್ಟರು. ಚಪ್ಪಲಿಯ ಸದ್ದು ಬೀದಿಯ ತಿರುವಿನವರೆಗೂ ಓಟದಲ್ಲೇ ಕೇಳಿಸಿತು.

ಮಾಸ್ಟ್ರು ತೊಳೆದರು. ಒಂದೊಂದು ತಟ್ಟೆಗೂ ಒಂದೊಂದು ಕಾಲರು ಹೊಲಿಯುವಷ್ಟು ಹೊತ್ತು ಹಿಡಿಯಿತು. ಅಂಚು ಹಿಡಿದು ಸುತ್ತ ಬಂದು, ಬೆಳಕಿಗೆ ಹಿಡಿದು ನೋಡಿ, ಮತ್ತೆ ಸುತ್ತ ಬಂದರು. ಬ್ಯಾಂಕಿನ ಕಾವಲುಗಾರ ಪ್ಯಾಂಟು ತೊಟ್ಟು ನೋಡಲು ಬಂದವನು, ಮಾಸ್ಟ್ರೇ ಎಂದು ಕೂಗಿ ಕೂಗಿ ಕೊನೆಗೆ ಪರದೆ ಸರಿಸಿ ಇಣುಕಿದ. ಕತೆಯೆಲ್ಲ ಕೇಳಿದ. ದಿನಾ ಉಂಡ ತಟ್ಟೆ ಯಾವುದೆಂದು ಅವನಿಗೂ ಗುರುತಿತ್ತಲ್ಲ, ಸುಮ್ಮನಿರಲಾರದೆ ಒರೆಸುವ ಬಟ್ಟೆ ಎತ್ತಿಕೊಂಡ. ಆಮೇಲೆ ಬಂದ ಕ್ಷೌರದಂಗಡಿಯವನು ಪೈಪಿನ ತುಂಡು ವಾಪಸು ಬೇಕಿತ್ತಾ ಎಂದು ಕೇಳಿದ, ತಾನು ಅದನ್ನು ಎರಡು ಮಾಡಿ ಒಂದನ್ನು ಆಗಲೇ ಯಾರಿಗೋ ಕೊಟ್ಟಾಗಿದೆ ಅಂತಲೂ ಹೇಳಿದ. ಆ ತಪ್ಪಿಗೆ ಅವನ ಪಾಲಿಗೆ ಡಬ್ಬಿಗಳು ಬಂದವು. ಅಕ್ಕ ವಾಪಸು ಬಂದಾಗ ಅಡುಗೆಮನೆಯಲ್ಲಿ ಮೂವರು ಗಂಡಸರು ತೋಳು ಮಡಚಿಕೊಂಡು, ಜೋರಾಗಿ ನಗುತ್ತ, ಅರ್ಧ ಗುಡ್ಡ ಕರಗಿಸಿದ್ದರು. ಅಕ್ಕ ಉಳಿದರ್ಧದ ಪಕ್ಕದಲ್ಲೇ ನಿಂತರು. ಇವತ್ತು ಎರಡೇ ಎರಡು ಚೆಂಡು ತಪ್ಪಿಸಿಕೊಂಡೆ ಎಂದು ಶುರುಮಾಡಿ ಇಡೀ ಅಭ್ಯಾಸದ ವರದಿ ಒಪ್ಪಿಸಿದರು. ಈ ಸಲ ಮೂವರೂ ಕೇಳಿದರು.

ಶನಿವಾರ ಬೆಳಿಗ್ಗೆ ಪೈಪಿನ ಅಂಗಡಿಯವನು ಎಷ್ಟು ಉದ್ದ ಬೇಕು ಎಂದು ಕೇಳಿದಾಗ ಮಾಸ್ಟ್ರು ಒಂದು ಕ್ಷಣ ತಡವರಿಸಿದರು. ಜೇಬಿನಲ್ಲಿ ಅಳತೆಯ ಟೇಪಿತ್ತು, ಹೊರಗೆ ತೆಗೆಯಲಿಲ್ಲ. ಸಾಕಾಗಿ ಮಿಗುವಷ್ಟು ಕೊಡಿ ಅಂದರು. ಜನ್ಮದಲ್ಲಿ ಮೊದಲ ಸಲ ಆ ಮಾತು ಅವರ ಬಾಯಿಂದ ಬಂದದ್ದು. ಮನೆಗೆ ಬಂದು ಪೈಪನ್ನು ಕಟ್ಟೆಯ ತಳದವರೆಗೆ ಏರಿಸಿ, ಕೊಕ್ಕೆಯ ಮೇಲೆ ಮಲಗಿಸಿ, ಮೇಲಿನ ಮೂತಿಗೆ ಸೇರಿಸಿ, ಕೆಳಗಿನದಕ್ಕೆ ಬಿರಡೆ ಜಡಿದರು. ನೋಡಲು ಅಸಹ್ಯವಾಗಿತ್ತು. ಹಲ್ಲು ಕಚ್ಚಿ ಬಿಟ್ಟರು.

ಮಿಷನ್ನು ಹಾಕಿ ಮೂವರೂ ಅದರ ಮುಂದೆ ನೆಲದ ಮೇಲೆ ಕೂತರು. ನೀರು ತುಂಬಿತು. ಜಳಜಳ ಶುರುವಾಯಿತು. ಮಗಳು ನಡುವೆ ಮೆಲ್ಲಗೆ ಬಾಗಿಲು ತೆರೆದಳು, ಬಿಸಿ ಹಬೆ ಮುಖಕ್ಕೆ ಹೊಡೆಯಿತು, ತಳದಲ್ಲಿ ನೀರು ಇದ್ದ ಹಾಗೇ ಇತ್ತು. ಮತ್ತೆ ಮುಚ್ಚಿ ಕಾದರು. ಕೊನೆಗೆ, ಸರಿಯಾದ ಹೊತ್ತಿಗೆ, ಪಂಪು ಗೊರಗೊರ ಎಂದಾಗ ಅಕ್ಕ ಮಗಳ ಕೈಗೆ ಕೈ ತಟ್ಟಿದರು. ಮಾಸ್ಟ್ರು ಎದ್ದು ನಿಂತು ಅಲ್ಲೇ ಎರಡು ಹೆಜ್ಜೆ ಕುಣಿದರು. ಕುಣಿತ ಅವರಿಗೆ ಒಲಿದ ವಿದ್ಯೆಯಲ್ಲ, ಆದರೂ ಕುಣಿದರು.

ಭಾನುವಾರ ಅಂಗಡಿ ಮುಚ್ಚಿ ಮಾಸ್ಟ್ರು ಮೊದಲ ಬಾರಿಗೆ ಆ ಹಾಲಿಗೆ ಹೋದರು. ಬೀದಿಗೆ ಬೀದಿಯೇ ಬಂದಿತ್ತು. ಮಗಳ ಪಕ್ಕದಲ್ಲಿ ಕೂತರು. ಹೆಂಡತಿ ಎಲ್ಲಿ ಎಂದು ಹುಡುಕಿದರು, ತಕ್ಷಣ ಗುರುತು ಸಿಗಲಿಲ್ಲ. ಅಕ್ಕ ತಮ್ಮ ಅಣ್ಣನ ಹಳೆಯ ಅಂಗಿಯೊಂದನ್ನು ತೊಟ್ಟಿದ್ದರು. ಭುಜ ಜಾರಿ ಮೊಣಕೈ ಹತ್ತಿರ ಬಂದಿತ್ತು, ಬಣ್ಣ ಮಾಸಿತ್ತು, ಗೋಣಿಚೀಲದಂಥ ಅಂಗಿ. ಮಾಸ್ಟ್ರಿಗೆ ಅವಮಾನವಾಯಿತು. ಆಟ ಶುರುಮಾಡಿದ ಹೊಸದರಲ್ಲಿ ತಾವೇ ಕೂತು, ನೀಲಿ ಬಟ್ಟೆಯಲ್ಲಿ, ಮೈಗೆ ಅಚ್ಚು ಹೊಯ್ದ ಹಾಗೆ ಅಂಗಿ ಹೊಲಿದು ಕೊಟ್ಟಿದ್ದರು. ದಿನಾ ಸಂಜೆ ಅದನ್ನೇ ತೊಟ್ಟು ಮನೆಯಿಂದ ಹೊರಡುತ್ತಿದ್ದಳಲ್ಲ. ಅದೆಲ್ಲಿ ಹೋಯಿತೆಂದು ಮಗಳನ್ನು ಕೇಳಿದರು.

ಮಗಳು ನಾಲಿಗೆ ಕಚ್ಚಿಕೊಂಡಳು.

"ಅದರಲ್ಲಿ ಕೈ ಮೇಲೆ ಹೋಗಲ್ಲಪ್ಪ. ಇಲ್ಲಿಗೆ ಬಂದು ಬದಲಾಯಿಸ್ತಾರೆ, ಮನೆಗೆ ಬರುವಾಗ ಮತ್ತೆ ಅದನ್ನೇ ಹಾಕ್ಕೊಂಡು ಬರ್ತಾರೆ. ಅಪ್ಪಂಗೆ ಬೇಜಾರಾಗುತ್ತೆ, ಹೇಳ್ಬೇಡ ಅಂದಿದ್ರು."

ಮಾಸ್ಟ್ರು ಮತ್ತೆ ಆಟದ ಕಡೆ ತಿರುಗಿದರು. ಮೇಜಿನ ಹತ್ತಿರ ಅಕ್ಕ ಆ ಸಡಿಲ ಅಂಗಿಯಲ್ಲಿ ಎಡಕ್ಕೆ ವಾಲಿದರು, ಬಲಕ್ಕೆ ಚಿಮ್ಮಿದರು, ಕೈ ತಲೆಯ ಹಿಂದಿನವರೆಗೂ ಹೋಗಿ ಬಂದು ಚೆಂಡನ್ನು ಮೇಜಿನ ಅಂಚಿಗೆ ಬಾರಿಸಿತು. ಹಾಲಿನ ತುಂಬ ಚಪ್ಪಾಳೆ. ಇಷ್ಟು ವರ್ಷ ಜೊತೆಗಿದ್ದು ಆ ತೋಳು ಅಷ್ಟು ದೂರ ಹೋಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಮನಸ್ಸಿನಲ್ಲಿ ನೋವೂ ಇತ್ತು, ಹೆಮ್ಮೆಯೂ ಇತ್ತು, ಆದರೆ ಆಟ ಮುಂದುವರಿಯುತ್ತ ಹೆಮ್ಮೆಯೇ ಹೆಚ್ಚಾಯಿತು. ಕೊನೆಯ ಪಾಯಿಂಟಿನ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಮಾಸ್ಟ್ರೇ. ಊಟದಕ್ಕನ ಜೋಡಿ ಗೆದ್ದಿತು. ಔಷಧಿ ಅಂಗಡಿಯಾಕೆ ಅಕ್ಕನನ್ನು ಎತ್ತಲು ಹೋಗಿ ಇಬ್ಬರೂ ಬಿದ್ದರು.

ಮನೆಗೆ ಬಂದ ಮೇಲೆ ಮಾಸ್ಟ್ರು ಅಂಗಡಿಯ ದೀಪ ಹಾಕಿದರು. ಕಪಾಟಿನಿಂದ ಮೆತ್ತಗಿನ ಬಟ್ಟೆಯ ಒಂದು ಸುರುಳಿ ಇಳಿಸಿ ಮೇಜಿನ ಮೇಲೆ ಹರವಿದರು. ಹೆಂಡತಿಯನ್ನು ಕರೆದರು, ಬರುವಾಗ ಬ್ಯಾಟು ತಾ ಅಂದರು. ಅಕ್ಕ ನೀಲಿ ಅಂಗಿ ತೊಟ್ಟೇ ಬಂದರು. ಮಾಸ್ಟ್ರು ಕುತ್ತಿಗೆಯಿಂದ ಟೇಪು ತೆಗೆದರು. ಅಳತೆ ಎಂದು ತಿಳಿದ ಕೂಡಲೇ ಅಕ್ಕ ಕನ್ನಡಿಯ ಮುಂದೆ ಹೋಗಿ, ಗಿರಾಕಿಗಳೆಲ್ಲ ನಿಲ್ಲುವ ಹಾಗೆ, ಕೈ ಇಳಿಬಿಟ್ಟು, ಉಸಿರು ಹಿಡಿದು, ಗೊಂಬೆಯಾಗಿ ನಿಂತರು.

"ಹಾಗೆ ನಿಲ್ಬೇಡ," ಅಂದರು ಮಾಸ್ಟ್ರು. "ಆಡು."

ಅಕ್ಕನಿಗೆ ಅರ್ಥವಾಗಲಿಲ್ಲ. ಕನ್ನಡಿಯಲ್ಲಿ ಗಂಡನ ಮುಖ ನೋಡಿದರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಮಗಳ ಮುಖ ನೋಡಿದರು. ಅರ್ಥವಾಯಿತು. ಕೆನ್ನೆ ಕೆಂಪಾಯಿತು. ನೀಲಿ ಅಂಗಿಯ ತೋಳಿನ ಗುಂಡಿ ಬಿಚ್ಚಿದರು, ಕಾಲು ಅಗಲಿಸಿ ನಿಂತರು, ಮೇಜಿನಾಚೆ ಯಾರೋ ಇದ್ದಾರೆ ಎಂಬಂತೆ ಮೈ ಬಗ್ಗಿಸಿದರು.

ಬ್ಯಾಟು ಬೀಸಿದರು. ಕಂಕುಳಲ್ಲಿ ನೀಲಿ ಹೊಲಿಗೆ ಪರ್ ಎಂದು ಬಿಟ್ಟುಕೊಂಡಿತು, ಟೇಪು ಮಾಸ್ಟ್ರ ಕೈಯಿಂದ ಹಾರಿ ಹೊಲಿಗೆ ಯಂತ್ರದ ಮೇಲೆ ಬಿತ್ತು. ಮಗಳು ಕಿರುಚಿ ನಕ್ಕಳು. ಮಾಸ್ಟ್ರು ಟೇಪನ್ನು ಎತ್ತಿಕೊಂಡು ಬಂದು, ಅದರ ತುದಿಯನ್ನು ಹೆಂಡತಿಯ ಭುಜಕ್ಕೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸಡಿಲ ಬಿಟ್ಟರು.

"ಇನ್ನೊಂದ್ಸಲ," ಅಂದರು. "ಇನ್ನೂ ಜೋರಾಗಿ."